ರಜಾ ಅರ್ಜಿಯಲ್ಲಿ 'ಶೈಕ್ಷಣಿಕ' ಅಂತ ತುರುಕಿದ ಕಥೆ

ಕಳೆದ ವರ್ಷ ಮಗಳ ಶಾಲೆಗೆ ಒಂದು ರಜಾ ಅರ್ಜಿ ಬರೆಯುತ್ತಿದ್ದೆ. ಐದು ದಿನದ ರಜೆ. ಕಾರಣ ಅಂತ ಇದ್ದ ಜಾಗಕ್ಕೆ ಬಂದಾಗ ಪೆನ್ನು ನಿಂತುಬಿಟ್ಟಿತು. 'ಕುಟುಂಬ ಪ್ರವಾಸ' ಅಂತ ಬರೆದೆ. ಯಾಕೋ ಬೋಳು ಬೋಳು ಅನ್ನಿಸಿತು. ಮುಂದೆ ಸ್ವಲ್ಪ ಜಾಗ ಇತ್ತು. ಅಲ್ಲಿ 'ಶೈಕ್ಷಣಿಕ' ಅಂತ ಸಣ್ಣಕ್ಷರದಲ್ಲಿ ತುರುಕಿದೆ. ಪಕ್ಕದಲ್ಲೇ ಕೂತು ನೋಡುತ್ತಿದ್ದ ಮಗಳು, ಆಗ ಐದನೇ ಕ್ಲಾಸು, ಕೇಳಿದಳು: "ಅಮ್ಮಾ, ನಾವು ಬೀಚಿಗೆ ತಾನೇ ಹೋಗ್ತಿರೋದು?"

"ಹೂಂ. ಅಲ್ಲಿ ಮ್ಯೂಸಿಯಂ ಕೂಡ ಇದೆ."

ಮ್ಯೂಸಿಯಂ ಇದ್ದದ್ದು ನಿಜ. ಆದರೆ ಅಲ್ಲಿಗೆ ಹೋಗುವ ಯೋಚನೆ ಆ ಅರ್ಜಿ ಬರೆಯುವ ಕ್ಷಣದವರೆಗೆ ನನ್ನ ತಲೆಯಲ್ಲಿ ಇರಲಿಲ್ಲ. ಆ ವಾರವೇ ಹೊರಟಿದ್ದಕ್ಕೆ ಕಾರಣ ಮೂರೇ. ಟಿಕೆಟ್ ಅಗ್ಗ ಇತ್ತು, ಜನ ಕಮ್ಮಿ ಇದ್ದರು, ನಮ್ಮೆಜಮಾನರಿಗೆ ಆಫೀಸಿನಲ್ಲಿ ರಜೆ ಸಿಕ್ಕಿದ್ದು ಆಗಲೇ. ಮೂರರಲ್ಲಿ ಒಂದಕ್ಕೂ ಮಗಳ ವಿದ್ಯೆಗೂ ಸಂಬಂಧ ಇಲ್ಲ.

ಈ ಕಥೆ ಈಗ ನೆನಪಾಗಿದ್ದು ಪೋಷಕರ ವಾಟ್ಸಾಪ್ ಗುಂಪಿನ ಜಗಳದಿಂದ. ಶಾಲೆ ನಡೆಯುವ ದಿನಗಳಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದರೆ ಅದೂ ಒಂದು ಪಾಠವೇ ಅಲ್ವಾ ಅಂತ ಒಬ್ಬರು ಹಾಕಿದರು. ತಕ್ಷಣ ನಾಲ್ಕು ಜನ 'ದೇಶ ಸುತ್ತು, ಕೋಶ ಓದು' ಅಂತ ಹಾಕಿದರು. ಈ ಗಾದೆಯನ್ನು ನಮ್ಮಷ್ಟು ದುಡಿಸಿಕೊಂಡವರು ಬೇರೆ ಯಾರೂ ಇರಲಿಕ್ಕಿಲ್ಲ! ಗಾದೆಯಲ್ಲಿ ಎರಡು ಕೆಲಸ ಇದೆ ಸ್ವಾಮಿ. ಒಂದನ್ನು ಮಾಡಲು ಇನ್ನೊಂದನ್ನು ಬಿಡು ಅಂತ ಅದು ಎಲ್ಲೂ ಹೇಳಿಲ್ಲ.

ಸರಿ, ನಮ್ಮ 'ಶೈಕ್ಷಣಿಕ' ಪ್ರವಾಸದಲ್ಲಿ ಏನಾಯಿತು ಹೇಳುತ್ತೇನೆ.

ಮ್ಯೂಸಿಯಂಗೆ ಹೋದೆವು. ಹೇಳಿದ ಮೇಲೆ ಹೋಗಲೇಬೇಕಲ್ಲ. ಮಗಳು ಹನ್ನೆರಡು ನಿಮಿಷ ಇದ್ದಳು. ಅದರಲ್ಲಿ ನಾಲ್ಕು ನಿಮಿಷ ನೀರು ಕುಡಿಯಲಿಕ್ಕೆ. ನಾನು ಒಂದೊಂದೇ ಫಲಕ ಓದಿ ಹೇಳುತ್ತಿದ್ದೆ, ಅವಳು ಕಾವಲಿನವರ ಕುರ್ಚಿಯ ಕೆಳಗೆ ಮಲಗಿದ್ದ ಬೆಕ್ಕು ನೋಡುತ್ತಿದ್ದಳು. ಆ ಮ್ಯೂಸಿಯಂ ಬಗ್ಗೆ ಇವತ್ತಿಗೂ ಅವಳಿಗೆ ನೆನಪಿರುವುದು ಆ ಬೆಕ್ಕು ಮಾತ್ರ.

ಅವಳು ನಿಜವಾಗಿ ಏನಾದರೂ ಕಲಿತಿದ್ದರೆ ಅದು ಮರಳಿನಲ್ಲಿ. ಮೊದಲನೇ ದಿನ ಬೆಳಿಗ್ಗೆ ಒಂದು ಮರಳ ಕೋಟೆ ಕಟ್ಟಿದಳು. ಹತ್ತು ಗಂಟೆ ಹೊತ್ತಿಗೆ ನೀರು ಮೇಲೆ ಬಂದು ಕೋಟೆ ಹೋಯಿತು. ಎರಡನೇ ದಿನ ಬೇಕಂತಲೇ ಅದೇ ಜಾಗದಲ್ಲಿ ಕಟ್ಟಿ, ಹತ್ತಕ್ಕೆ ಸರಿಯಾಗಿ ಕೈಕಟ್ಟಿ ನಿಂತಳು. ನೀರು ಬರಲಿಲ್ಲ. ಹತ್ತೂಕಾಲು, ಹತ್ತೂವರೆ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮೊದಲ ಅಲೆ ಗೋಡೆ ಮುಟ್ಟಿತು. "ಲೇಟು!" ಅಂದಳು, ಸಮುದ್ರಕ್ಕೆ ಬೈಯುವವಳ ಹಾಗೆ. ಮೂರನೇ ದಿನ ತಿಂಡಿ ತಿನ್ನುವಾಗಲೇ ಹೇಳಿದಳು, ಇವತ್ತು ಹನ್ನೊಂದೂವರೆ ದಾಟಿದ ಮೇಲೇ ಬರುವುದು ಅಂತ. ಹೆಚ್ಚೂಕಮ್ಮಿ ಹಾಗೇ ಆಯಿತು.

ಭರತ, ಅಂದರೆ ಚಂದ್ರನ ಸೆಳೆತಕ್ಕೆ ಸಮುದ್ರದ ನೀರು ಹೀಗೆ ಮೇಲೆ ಬರುವುದು, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನನ್ನು ಹಿಡಿಯಲು ಭೂಮಿ ಇನ್ನೊಂದಿಷ್ಟು ತಿರುಗಬೇಕು, ಆ ಇನ್ನೊಂದಿಷ್ಟೇ ಈ 50 ನಿಮಿಷ. ನನಗೇ ಇದು ಸರಿಯಾಗಿ ಗೊತ್ತಿರಲಿಲ್ಲ. ರಾತ್ರಿ ಬಾಲ್ಕನಿಯಲ್ಲಿ ಕೂತು, ಕಿತ್ತಳೆ ಹಣ್ಣು ತಿರುಗಿಸಿ, ಇಬ್ಬರೂ ಒಟ್ಟಿಗೆ ಅರ್ಥ ಮಾಡಿಕೊಂಡೆವು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಪೋಸ್ಟ್ ಆಗುತ್ತದೆ. ಫೋಟೋ ಹಾಕಿ, ನೋಡಿ ಕ್ಲಾಸ್‌ರೂಮಿನ ಆಚೆ ಎಂಥಾ ಪಾಠ ಇದೆ ಅಂದರೆ ಲೈಕು ಬೀಳುತ್ತವೆ. ನಾನೂ ಆಗ ಅದನ್ನೇ ಮಾಡಿದ್ದೆ. ಆದರೆ ಊರಿಗೆ ವಾಪಸ್ಸು ಬಂದ ಮೇಲಿನ ಫೋಟೋ ಯಾರೂ ಹಾಕುವುದಿಲ್ಲ.

ಆ ಐದು ದಿನಗಳಲ್ಲಿ ಕ್ಲಾಸಿನಲ್ಲಿ ಭಿನ್ನರಾಶಿ ಕೂಡುವುದು ಹೇಳಿಕೊಟ್ಟಿದ್ದರು. ಛೇದ ಬೇರೆ ಬೇರೆ ಇದ್ದಾಗ ಲ.ಸಾ.ಅ. ತೆಗೆದು ಒಂದು ಮಾಡಿಕೊಳ್ಳುವ ಪಾಠ. ನಮ್ಮವಳು ಬಂದು ಸಹಪಾಠಿಯ ನೋಟ್ಸು ನೋಡಿ ಬರೆದುಕೊಂಡಳು. ಪುಟ ತುಂಬಿತು, ಅಷ್ಟೇ. ವಾರದ ಕೊನೆಗೆ ಅವಳ ಪುಸ್ತಕ ತೆರೆದರೆ ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಅಂತ ಬರೆದಿದ್ದಾಳೆ. ಮೇಲಿಂದ ಮೇಲೆ, ಕೆಳಗಿಂದ ಕೆಳಗೆ ಕೂಡಿಸಿಬಿಟ್ಟಿದ್ದಾಳೆ. "ಪುಟ್ಟಿ, ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ ಹೇಗಾಗುತ್ತೆ?" ಅಂದೆ. ಮುಖ ಪೆಚ್ಚಾಯಿತು. ಆಮೇಲೆ ಮೂರು ವಾರ, ದಿನಾ ಸಂಜೆ ಅರ್ಧ ಗಂಟೆ ಕೂತೆವು. ಅವಳು ಕಣ್ಣೊರೆಸಿಕೊಳ್ಳುತ್ತಾ, ನಾನು ಹಲ್ಲು ಕಚ್ಚುತ್ತಾ. ನೋಟ್ಸು ಸಿಕ್ಕಿದರೆ ಪಾಠ ಸಿಕ್ಕ ಹಾಗಲ್ಲ. ಮಿಸ್ ಒಂದು ಲೆಕ್ಕ ಬಿಡಿಸುತ್ತಾರೆ, ಹಿಂದಿನ ಬೆಂಚಿನ ಹುಡುಗ ಒಂದು ದಡ್ಡ ಪ್ರಶ್ನೆ ಕೇಳುತ್ತಾನೆ, ಎಲ್ಲರೂ ನಗುತ್ತಾರೆ, ಆ ನಗುವಿನಲ್ಲಿ ಅರ್ಧ ಕ್ಲಾಸಿಗೆ ವಿಷಯ ಅರ್ಥ ಆಗಿಬಿಡುತ್ತದೆ. ಅದು ಯಾವ ನೋಟ್ಸಿನಲ್ಲೂ ಇರುವುದಿಲ್ಲ.

ಗಣಿತ ಹೀಗೆ ಸಿಕ್ಕಿಹಾಕಿಸುತ್ತದೆ. ಇತಿಹಾಸದ ಒಂದು ಪಾಠ ತಪ್ಪಿದರೆ ಮುಂದಿನ ಪಾಠ ಓದಬಹುದು. ಭಿನ್ನರಾಶಿ ತಪ್ಪಿದರೆ ದಶಮಾಂಶ, ಶೇಕಡಾ, ಅನುಪಾತ ಎಲ್ಲವೂ ಮೆಟ್ಟಿಲಿಲ್ಲದ ಮನೆ.

ಮತ್ತೊಂದು ಮಾತು ನನ್ನನ್ನು ಜಾಸ್ತಿ ಚುಚ್ಚಿತು. ಆ ಭರತ-ಇಳಿತ ಬೇಸಿಗೆ ರಜೆಯಲ್ಲೂ ಬರುತ್ತಿತ್ತು! ಸಮುದ್ರಕ್ಕೆ ಶಾಲೆಯ ವೇಳಾಪಟ್ಟಿ ಗೊತ್ತಿಲ್ಲ. ಅಂದರೆ ಪ್ರವಾಸದಲ್ಲಿ ಕಲಿಕೆ ಇದೆಯಾ ಅನ್ನುವುದು ಒಂದು ಪ್ರಶ್ನೆ. ಅದಕ್ಕೆ ಉತ್ತರ ಇದೆ ಅಂತಲೇ. ಶಾಲೆ ತಪ್ಪಿಸಿ ಹೋಗಿದ್ದಕ್ಕೆ ಆ ಕಲಿಕೆ ಕಾರಣವಾ ಅನ್ನುವುದು ಬೇರೆಯೇ ಪ್ರಶ್ನೆ. ಗುಂಪಿನಲ್ಲಿ ಎಲ್ಲರೂ ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದನ್ನು ಗೆದ್ದೆವು ಅಂದುಕೊಂಡಿದ್ದಾರೆ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ನೋಡುತ್ತಾರೆ ಅಂತ ಸುಮ್ನೆ ಹುಡುಕುತ್ತಾ ಹೋದೆ. ಒಂದೊಂದು ಕಡೆ ಒಂದೊಂದು ಥರ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪೋಷಕರು ಬರೆದು ಕೇಳಿದರೆ, ಆ ಪ್ರವಾಸ ಶೈಕ್ಷಣಿಕ ಅಂತ ಜಿಲ್ಲೆಯ ಶಾಲಾ ಅಧಿಕಾರಿ ಒಪ್ಪಿದರೆ, ರಜೆ ಕೊಡಬಹುದು ಅಂತ ನಿಯಮದಲ್ಲೇ ಇದೆ. ಪಾಪ ಆ ಅಧಿಕಾರಿ! ಎಷ್ಟು ಜನ ನನ್ನಂಥವರ ಮ್ಯೂಸಿಯಂ ಕಥೆ ಓದಬೇಕೋ. ದಕ್ಷಿಣ ಕೊರಿಯಾದಲ್ಲಿ ಕುಟುಂಬದ ಜೊತೆ ಹೋಗುವ ಮಗು ಮೊದಲೇ ಅರ್ಜಿ ಕೊಟ್ಟು, ಬಂದ ಮೇಲೆ ವರದಿ ಕೊಟ್ಟರೆ ಆ ದಿನಗಳು ಹಾಜರಾತಿಗೇ ಸೇರುತ್ತವೆ.

ಇಂಗ್ಲೆಂಡಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. 2013ಕ್ಕೆ ಮುಂಚೆ ಮುಖ್ಯೋಪಾಧ್ಯಾಯರು ವರ್ಷಕ್ಕೆ 10 ದಿನದವರೆಗೆ ಪ್ರವಾಸಕ್ಕೆ ಬಿಡಬಹುದಿತ್ತು. ಆ ವರ್ಷದ ಸೆಪ್ಟೆಂಬರ್‌ನಿಂದ ತೀರಾ ಅಸಾಧಾರಣ ಕಾರಣ ಇದ್ದರೆ ಮಾತ್ರ ರಜೆ ಅಂತ ಬಿಗಿ ಮಾಡಿದರು. 2015ರಲ್ಲಿ ಒಬ್ಬ ತಂದೆ ಮಗಳನ್ನು ಏಳು ದಿನ ಫ್ಲಾರಿಡಾಕ್ಕೆ ಕರೆದುಕೊಂಡು ಹೋದರು. 60 ಪೌಂಡ್ ದಂಡ ಬಿತ್ತು. ಕಟ್ಟಲಿಲ್ಲ, 120 ಆಯಿತು. ಆಗಲೂ ಕಟ್ಟದೆ ಕೋರ್ಟಿಗೆ ಹೋದರು. ಮಗಳ ಹಾಜರಾತಿ ಶೇ 90ಕ್ಕಿಂತ ಜಾಸ್ತಿ ಇದೆ, ಅಷ್ಟು ಬಂದರೆ ನಿಯಮಿತವಾಗಿ ಬಂದ ಹಾಗೇ ಅಲ್ವಾ ಅನ್ನುವುದು ಅವರ ವಾದ. ಕೆಳಗಿನ ಎರಡು ಕೋರ್ಟುಗಳಲ್ಲಿ ಗೆದ್ದರು. 2017ರ ಏಪ್ರಿಲ್ 6ರಂದು ಅಲ್ಲಿನ ಸುಪ್ರೀಂ ಕೋರ್ಟ್ ಉಲ್ಟಾ ಹೇಳಿತು. ನಿಯಮಿತವಾಗಿ ಅಂದರೆ ಶಾಲೆಯ ನಿಯಮದ ಪ್ರಕಾರ, ನಿಮಗೆ ಅನುಕೂಲವಾದಾಗ ಅಂತಲ್ಲ. ಒಂದು ಮಗು ತಪ್ಪಿಸಿಕೊಂಡರೆ ಉಳಿದ ಮಕ್ಕಳ ಪಾಠಕ್ಕೂ ತೊಂದರೆ ಅಂತಲೂ ಆ ತೀರ್ಪಿನಲ್ಲಿದೆ. ಈಗ ದಂಡ 80 ಪೌಂಡ್, 21 ದಿನದೊಳಗೆ ಕಟ್ಟದಿದ್ದರೆ 160. ಜರ್ಮನಿಯ ಬವೇರಿಯಾದಲ್ಲಂತೂ 2018ರಲ್ಲಿ ರಜೆ ಶುರುವಾಗುವ ಮುಂಚೆಯೇ ಮಕ್ಕಳನ್ನು ಕರೆದುಕೊಂಡು ಹೊರಟ ಕುಟುಂಬಗಳನ್ನು ಪೊಲೀಸರು ವಿಮಾನ ನಿಲ್ದಾಣದಲ್ಲೇ ಹಿಡಿದಿದ್ದರು.

ಪೊಲೀಸು ಅತಿ ಅನ್ನಿಸುತ್ತದೆ. ದಂಡವೂ ನನಗೆ ಒಪ್ಪಿಗೆಯಿಲ್ಲ. ಇದ್ದವರು ದಂಡವನ್ನೂ ಟಿಕೆಟ್ಟಿನ ಲೆಕ್ಕಕ್ಕೇ ಸೇರಿಸಿಕೊಂಡು ಹೋಗುತ್ತಾರೆ, ಇಲ್ಲದವರು ಮನೆಯಲ್ಲೇ ಇರುತ್ತಾರೆ.

ನನಗೆ ಹಿಡಿಸಿದ್ದು ಜಪಾನಿನ ಐಚಿ ಪ್ರಾಂತ್ಯ. ಅಲ್ಲಿ ಶನಿವಾರ, ಭಾನುವಾರವೂ ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ಬಹಳ. ಅವರಿಗೆ ರಜೆ ಇದ್ದ ದಿನ ಮಕ್ಕಳಿಗೆ ಶಾಲೆ, ಮಕ್ಕಳಿಗೆ ರಜೆ ಇದ್ದ ದಿನ ಇವರಿಗೆ ಕೆಲಸ. ಅದಕ್ಕೆ 2023ರಲ್ಲಿ ಒಂದು ಹೊಸ ರಜೆ ತಂದರು. ಲರ್ನಿಂಗ್ ಮತ್ತು ವೆಕೇಶನ್ ಎರಡನ್ನೂ ಸೇರಿಸಿ ಅದಕ್ಕೊಂದು ಹೆಸರು ಕಟ್ಟಿದ್ದಾರೆ. ವರ್ಷಕ್ಕೆ ಮೂರು ದಿನದವರೆಗೆ ಮಗು ಮನೆಯವರ ಜೊತೆ ಹೋಗಬಹುದು, ಗೈರುಹಾಜರಿ ಅಂತ ಬರೆಯುವುದಿಲ್ಲ. ತಪ್ಪಿದ ಪಾಠವನ್ನು ಮನೆಯಲ್ಲೇ ಓದಿಕೊಳ್ಳಬೇಕು. ಇದರಲ್ಲಿ ನನಗೆ ಇಷ್ಟ ಆಗಿದ್ದು ಆ ಮೂರು ಅನ್ನುವ ಸಂಖ್ಯೆ. ಯಾರೂ ಸುಳ್ಳು ಹೇಳಬೇಕಿಲ್ಲ. ಅಪ್ಪನ ಜೊತೆ ಒಂದು ದಿನ ಕಳೆಯುವುದೂ ಬೇಕಾದದ್ದೇ ಅಂತ ಒಪ್ಪಿಕೊಂಡ ಹಾಗಾಯಿತು, ಅದಕ್ಕೊಂದು ಮಿತಿಯೂ ಇದ್ದ ಹಾಗಾಯಿತು.

ಗುಂಪಿನಲ್ಲಿ ಒಬ್ಬರು ರವೀಂದ್ರನಾಥ ಟ್ಯಾಗೋರ್ ಅವರನ್ನೂ ಎಳೆದು ತಂದರು. ಶಾಲೆ ಬಿಟ್ಟು ಸುತ್ತಿದ್ದಕ್ಕೇ ಅವರು ದೊಡ್ಡವರಾದರಂತೆ. 1873ರಲ್ಲಿ, 11ನೇ ವಯಸ್ಸಿನಲ್ಲಿ, ಅವರು ತಂದೆ ದೇವೇಂದ್ರನಾಥರ ಜೊತೆ ಹಿಮಾಲಯಕ್ಕೆ ಹೋಗಿದ್ದು ನಿಜ. ಹಲವು ತಿಂಗಳ ಪ್ರವಾಸ. ಆದರೆ ಆ ಅಪ್ಪ ಏನು ಮಾಡಿದರು ನೋಡಿ. ದಾರಿಯ ಖರ್ಚಿಗೆ ಹಣ ಕೈಗೆ ಕೊಟ್ಟು ಲೆಕ್ಕ ಕೇಳಿದರು. ತಮ್ಮ ಬೆಲೆಬಾಳುವ ಚಿನ್ನದ ಗಡಿಯಾರಕ್ಕೆ ಕೀ ಕೊಡುವ ಕೆಲಸ ಒಪ್ಪಿಸಿದರು. ಹುಡುಗ ಉತ್ಸಾಹದಲ್ಲಿ ಎಷ್ಟು ಕೀ ಕೊಟ್ಟನೆಂದರೆ ಅದನ್ನು ರಿಪೇರಿಗೆ ಕಲ್ಕತ್ತೆಗೆ ಕಳಿಸಬೇಕಾಯಿತು. ಬೆಟ್ಟದ ಮೇಲೆ ದಿನಾ ಸಂಸ್ಕೃತ, ಇಂಗ್ಲಿಷ್ ಪಾಠ. ಸಂಜೆಯಾದರೆ ನಕ್ಷತ್ರ ತೋರಿಸಿ ಖಗೋಳ. ಅಪ್ಪನೇ ಮೇಷ್ಟ್ರು! ಅದನ್ನು ನಮ್ಮ ಐದು ದಿನದ ರೆಸಾರ್ಟಿಗೆ ಹೋಲಿಸಿದರೆ ದೇವೇಂದ್ರನಾಥರು ಆ ಗಡಿಯಾರದಲ್ಲೇ ನಮ್ಮ ತಲೆಗೆ ಕುಟ್ಟುತ್ತಿದ್ದರು. ಅಂದ ಹಾಗೆ, ವಾಪಸ್ಸು ಬಂದ ಮೇಲೆ ಆ ಹುಡುಗನಿಗೆ ಶಾಲೆ ಮೊದಲಿಗಿಂತ ಜಾಸ್ತಿ ಬೇಜಾರಾಯಿತು. ಗುಂಪಿನವರು ಅದನ್ನು ಮಾತ್ರ ಹೇಳಲಿಲ್ಲ.

ಹಾಗಂತ ಮಕ್ಕಳನ್ನು ಎಲ್ಲಿಗೂ ಕರೆದುಕೊಂಡು ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಲು ಹೋಗುವ ಮಗು ಶಾಲೆ ತಪ್ಪಿಸಿಕೊಂಡರೆ ಏನೂ ಆಗುವುದಿಲ್ಲ, ಹೋಗದಿದ್ದರೆ ಆಗುತ್ತದೆ. ಅಪ್ಪ ವರ್ಷಕ್ಕೊಮ್ಮೆ ಮನೆಗೆ ಬರುವವರಾದರೆ ಆ ವಾರ ಶಾಲೆಗೆ ಕಳಿಸುವುದೇ ಕ್ರೌರ್ಯ. ಒಂದನೇ ಕ್ಲಾಸಿನ ಮಗುವಿನ ಎರಡು ದಿನಕ್ಕೂ ಹತ್ತನೇ ಕ್ಲಾಸಿನವರ ಎರಡು ದಿನಕ್ಕೂ ವ್ಯತ್ಯಾಸ ಇದೆ. ಓದಿನಲ್ಲಿ ಮೊದಲೇ ಎಡವುತ್ತಿರುವ ಮಗುವಿಗೆ ಐದು ದಿನ ಅಂದರೆ ಐದೇ ದಿನ ಅಲ್ಲ. ಇದೆಲ್ಲ ಅಪ್ಪ ಅಮ್ಮನಿಗೆ ಗೊತ್ತಿರುತ್ತದೆ. ನನಗೂ ಗೊತ್ತಿತ್ತು.

ಗೆಳತಿಯೊಬ್ಬಳು ಟೀಚರು. ಅವಳ ಕ್ಲಾಸಿನಲ್ಲಿ 40 ಮಕ್ಕಳು. "ನೀನು ಐದೇ ದಿನ ಅಂತೀಯ. ನಲವತ್ತು ಮನೆಯವರೂ ಐದೇ ದಿನ ಅಂತಾರೆ, ಒಬ್ಬೊಬ್ಬರು ಒಂದೊಂದು ವಾರ. ನಾನು ಒಂದೇ ಪಾಠ ವರ್ಷವೆಲ್ಲಾ ಮಾಡ್ಲಾ?" ಅಂದಳು. ಉತ್ತರ ಹೊಳೆಯಲಿಲ್ಲ. ಟೀ ಕುಡಿದೆ.

ಇನ್ನೊಂದು ಜಾತಿಯ ಪೋಷಕರಿದ್ದಾರೆ. ಪಾಪಪ್ರಜ್ಞೆಗೆ ವರ್ಕ್‌ಶೀಟ್ ಪ್ರಿಂಟ್ ಹಾಕಿಕೊಂಡು ಹೋಗುವವರು. ನಾವಿದ್ದ ಹೋಟೆಲಿನಲ್ಲೇ ಒಬ್ಬರಿದ್ದರು. ಹುಡುಗ ಈಜುಕೊಳದ ಪಕ್ಕ ಒದ್ದೆ ಚಡ್ಡಿಯಲ್ಲಿ ಕೂತು 'ನಾನು ನೋಡಿದ ಐದು ವಿಷಯಗಳು' ಬರೆಯುತ್ತಿದ್ದ. ಕಾಗದದ ಮೇಲೆ ನೀರು ತೊಟ್ಟಿಕ್ಕಿ ಮೂರನೇ ವಿಷಯ ಅಳಿಸಿಹೋಗಿತ್ತು. ಅತ್ತ ಶಾಲೆಯೂ ಹೋಯಿತು, ಇತ್ತ ರಜೆಯೂ ಹೋಯಿತು.

ನನ್ನ ತಕರಾರು ಇರುವುದು ಆ ಒಂದು ಪದದ ಮೇಲೆ. ರಜೆ ಬೇಕಾದರೆ ರಜೆ ಅಂತಲೇ ಕೇಳೋಣ. ಸುಸ್ತಾಗಿದ್ದೇವೆ, ಟಿಕೆಟ್ ಅಗ್ಗ ಇದೆ, ನಾಲ್ಕು ದಿನ ಒಟ್ಟಿಗೆ ಇರಬೇಕು ಅನ್ನಿಸಿದೆ ಅಂತ. ಶಾಲೆಯವರು ಕೊಟ್ಟರೆ ಕೊಡಲಿ, ಬಿಟ್ಟರೆ ಬಿಡಲಿ. ಕೊಟ್ಟರೆ ತಪ್ಪುವ ಪಾಠದ ಹೊಣೆ ನಮ್ಮದು. ಶೈಕ್ಷಣಿಕ ಅಂತ ಬರೆದ ತಕ್ಷಣ ಆ ಹೊಣೆ ಮಾಯವಾಗುತ್ತದೆ. ಅಲ್ಲಿ ಕಲಿತಳಲ್ಲ, ಇಲ್ಲಿ ತಪ್ಪಿದರೇನು ಅಂತ. ನನಗೆ ಮೂರು ವಾರದ ಸಂಜೆಗಳು ಬೇಕಾದವು, ಭರತದ ಪಾಠ ಭಿನ್ನರಾಶಿಯ ಲೆಕ್ಕಕ್ಕೆ ಜಮಾ ಆಗುವುದಿಲ್ಲ ಅಂತ ತಿಳಿಯಲು. ಅದಕ್ಕಿಂತ ಹೆಚ್ಚಾಗಿ, ನಾನು ಆ ಪದ ತುರುಕುವುದನ್ನು ಮಗಳು ನೋಡಿದ್ದಳು. ಕೆಲವು ತಿಂಗಳಾದ ಮೇಲೆ ಹೋಂವರ್ಕ್ ಬಿಟ್ಟು ಟಿವಿ ನೋಡುತ್ತಿದ್ದವಳನ್ನು ಬೈದಾಗ, ಮುಖ ತಿರುಗಿಸದೆ ಹೇಳಿದಳು: "ಇದು ಶೈಕ್ಷಣಿಕ ಅಮ್ಮಾ." ಕಾರ್ಟೂನು ಓಡುತ್ತಿತ್ತು.

ಈ ವರ್ಷ ಮತ್ತೆ ಅದೇ ಸಮುದ್ರಕ್ಕೆ ಹೋಗೋಣ ಅಂತ ಹಠ ಹಿಡಿದಿದ್ದಾಳೆ. ಶಾಲೆಗೆ ರಜೆ ಬಿಡುವುದಕ್ಕೆ ಇನ್ನೂ ಬಹಳ ದಿನ ಇದೆ. ಸರಿ, ಟೈಂಟೇಬಲ್ ನೋಡಿ ಯಾವ ದಿನ ಏನು ತಪ್ಪುತ್ತೆ ಅಂತ ನೀನೇ ಪಟ್ಟಿ ಮಾಡು, ಆಮೇಲೆ ಮಾತಾಡೋಣ ಅಂದೆ. ಮಿಸ್ಸನ್ನೂ ಕೇಳಿಕೊಂಡು ಬಂದಳು. ಸೋಮವಾರ ದಶಮಾಂಶ ಶುರುವಂತೆ. ಮಂಗಳವಾರ ವಿಜ್ಞಾನದ ಟೆಸ್ಟು. ಪೆನ್ಸಿಲ್ ಕಚ್ಚಿಕೊಂಡು ಬಹಳ ಹೊತ್ತು ಹಾಳೆ ನೋಡಿದಳು. ದಶಮಾಂಶಕ್ಕೆ ಹುಬ್ಬು ಕೂಡ ಅಲ್ಲಾಡಲಿಲ್ಲ.

"ಶುಕ್ರವಾರ ಆಟದ ಪೀರಿಯಡ್ ಇದೆಯಲ್ಲಮ್ಮ," ಅಂದಳು. "ಅದು ತಪ್ಪಿಸೋಕಂತೂ ಆಗಲ್ಲ."