ಕೋಳಿ ಕೆದಕೋಕೆ ಒಂದಿಷ್ಟು ದರಗು

ಆರಿದ್ರೆ ಮಳೆ ಹಿಡಿದು ನಾಲ್ಕನೇ ದಿನಕ್ಕೆ ನಮ್ಮನೆ ಕೋಳಿ ಬೇಲಿಯೊಳಗೆ ನಾಟಿ ಮಾಡಬಹುದು, ಅಷ್ಟು ಕೆಸರು. ಗದ್ದೆ ಕೆಸರಿಗಾದ್ರೂ ಒಂದು ಘಮ ಇರುತ್ತೆ, ಇದು ಹಿಕ್ಕೆ ಕಲಸಿದ ಗೊಜ್ಜು, ಬಗ್ಗಿ ಮೊಟ್ಟೆ ತೆಗೆಯೋಕೆ ಹೋದ್ರೆ ಕಣ್ಣು ಉರಿಯುತ್ತೆ. ನಾವಿರೋದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ದಾರೀಲಿ. ಆಗುಂಬೇಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಮಳೆ, ನಮ್ಮಲ್ಲಿ ಅದಕ್ಕಿಂತ ಒಂದಿಷ್ಟು ಕಮ್ಮಿ ಅಂತಾರೆ, ಆ ಕಮ್ಮಿ ನಮ್ಮ ಕೋಳಿಗಳ ಗಮನಕ್ಕಂತೂ ಇನ್ನೂ ಬಂದಿಲ್ಲ.

ಮೊದಲು ಅವನ್ನ ಬಿಟ್ಟೇ ಸಾಕಿದ್ದು. ಹನ್ನೊಂದು ಹೇಟೆ, ಒಂದು ಹುಂಜ, ಅರ್ಧ ನಾಟಿ, ಇನ್ನರ್ಧ ಹೆಬ್ಬಾಳದ ಪಶುವೈದ್ಯ ಕಾಲೇಜಲ್ಲಿ ಹುಟ್ಟಿದ ಗಿರಿರಾಜ ತಳಿ. ಪಕ್ಕದ ಮನೆ ಅಜ್ಜಿ ಬೆಂಡೆ ಬೀಜ ಊರಿ ಕೈ ತೊಳ್ಕೊಂಡು ಬರೋಷ್ಟರಲ್ಲಿ ಇವು ಸಾಲು ಹಿಡಿದು ಒಂದೊಂದೇ ಬೀಜ ತೆಗೆದು ಮುಗಿಸಿರ್ತಿದ್ವು. ಮೂರನೇ ಸಲಕ್ಕೆ ಅಜ್ಜಿ ಬೇಲಿ ಹತ್ರ ಬಂದು ಏನೂ ಹೇಳ್ದೆ ಸುಮ್ನೆ ನಿಂತ್ರು ನೋಡಿ, ಬೈದಿದ್ರೇ ವಾಸಿ ಇತ್ತು. ಮಾರನೇ ದಿನ ಮೆಶ್ ತಂದು ಇಪ್ಪತ್ತಕ್ಕೆ ಹನ್ನೆರಡು ಅಡಿ ಜಾಗ ಸುತ್ತಿ ಎಲ್ಲವನ್ನೂ ಒಳಗೆ ಹಾಕಿದ್ದಾಯ್ತು. ಬೇಸಿಗೇಲಿ ಏನೂ ತೊಂದರೆ ಇರ್ಲಿಲ್ಲ, ಇದ್ದ ಹುಲ್ಲು ಎರಡೇ ವಾರದಲ್ಲಿ ಖಾಲಿ ಆಗಿ ನೆಲ ಬೋಳಾಗಿತ್ತು ಅಷ್ಟೆ.

ಬೋಳು ನೆಲಕ್ಕೆ ಮಳೆ ಬಿದ್ರೆ ಏನಾಗುತ್ತೆ ಅಂತ ಮಲೆನಾಡಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು. ನಾನು ಮಾಡಿದ ಬುದ್ಧಿವಂತಿಕೆ ಅಂದ್ರೆ ಅರ್ಧ ಪಿಕಪ್ ಜಲ್ಲಿ ತಂದು ಸುರಿಸಿದ್ದು, ಒಂದು ವಾರಕ್ಕೆ ಜಲ್ಲಿ ಎಲ್ಲ ಕೆಳಗೆ ಹೋಗಿ ಕೆಸರು ಮೇಲೆ ಬಂತು, ದುಡ್ಡೂ ಅದರ ಜೊತೆಗೇ ಹೂತುಹೋಯ್ತು. ಆಮೇಲೆ ಒಂದಿನ ಕೊಡೆ ಹಿಡ್ಕೊಂಡು ಅಲ್ಲೇ ನಿಂತು ನೋಡಿದ್ರೆ, ಗೂಡಿನ ಶೀಟಿನ ನೀರು ಪೂರ್ತಿ ಬೇಲಿಯೊಳಗೇ ಇಳೀತಿದೆ. ಹತ್ತಕ್ಕೆ ಹತ್ತು ಅಡಿ ಚಾವಣಿ, ದಿನಕ್ಕೆ 100 ಮಿಲಿಮೀಟರ್ ಮಳೆ ಅಂದ್ರೆ 900 ಲೀಟರ್ ದಾಟುತ್ತೆ, ಅಂದ್ರೆ ನಾನೇ ದಿನಾ ಒಂದು ಟ್ಯಾಂಕ್ ನೀರು ತಂದು ಕೋಳಿ ಕಾಲಡಿ ಸುರಿದ ಹಂಗೆ! ಬಿದ್ದ ಅಡಿಕೆ ಮರ ಒಂದನ್ನ ಸೀಳಿ, ತಿರುಳು ಕೆರೆದು, ದೋಣಿ ಮಾಡಿ ಸೂರಿಗೆ ಕಟ್ಟಿ ನೀರನ್ನ ತೋಟದ ಕಪ್ಪಿಗೆ, ಅಂದ್ರೆ ಬಸಿಗಾಲುವೆಗೆ, ಬಿಟ್ವಿ. ಅರ್ಧ ಕೆಸರು ಅಲ್ಲಿಗೇ ಹೋಯ್ತು.

ಆದ್ರೂ ಕೋಳಿಗಳ ಮುಖದಲ್ಲಿ ಕಳೆ ಇಲ್ಲ. ಅಡ್ಡಗೋಲಿನ ಮೇಲೆ ರೆಕ್ಕೆ ಇಳಿಬಿಟ್ಟು ಸಾಲಾಗಿ ಕೂತು, ಬೇಜಾರಾದಾಗೆಲ್ಲ ಪಕ್ಕದವಳ ಪುಕ್ಕ ಕೀಳೋದು. ಒಂದು ಕಂದು ಹೇಟೆಗಂತೂ ಬಾಲ ಪೂರ್ತಿ ಬೋಳಾಗಿ ಕೆಂಪು ಚರ್ಮ ಕಾಣ್ತಿತ್ತು. ಅಜ್ಜಿ ಮೆಶ್ ಆಚೆಯಿಂದ ನೋಡಿ, "ಕೊಟ್ಟಿಗೆಗೆ ದಿನಾ ದರಗು ಹಾಸ್ತೀರಿ, ಕೋಳಿ ಏನು ಪಾಪ ಮಾಡಿದೆ ಮಾರಾಯ" ಅಂದ್ರು. ಹೌದಲ್ವಾ! ಬೇಸಿಗೇಲಿ ಸೊಪ್ಪಿನ ಬೆಟ್ಟದಿಂದ ಗುಡಿಸಿ ತಂದು ಅಟ್ಟಕ್ಕೆ ತುಂಬಿದ ದರಗು, ಅಂದ್ರೆ ಒಣಗಿದ ಎಲೆ, ದನಕ್ಕೆ ಮಾತ್ರ ಅಂತ ಯಾರು ಬರೆದಿಟ್ಟಿದ್ದು? ಹಗ್ಗದ ಬಲೆಯ ಕಲ್ಲೀಲಿ ಐದು ಹೊರೆ ತಂದು ನಡುವಲ್ಲಿ ಗುಡ್ಡೆ ಹಾಕ್ದೆ. ಹರಡೋ ಕೆಲಸ ನನಗೆ ಬೀಳ್ಲೇ ಇಲ್ಲ.

ಮೊದಲು ಹುಂಜ ಬಂದು ಒಂದು ಸುತ್ತು ಹಾಕಿ ಏನೋ ಅಪಾಯ ಅಂತ ಗೊಣಗ್ತು. ಆಮೇಲೆ ಬೋಳು ಬಾಲದವಳೇ ಗುಡ್ಡೆ ಹತ್ತಿದ್ದು. ಎಡಗಾಲಲ್ಲಿ ಎರಡು ಸಲ ಕೆರೆಯೋದು, ಬಲಗಾಲಲ್ಲಿ ಒಂದು ಸಲ, ಒಂದು ಹೆಜ್ಜೆ ಹಿಂದಕ್ಕೆ ಬಂದು ತಲೆ ವಾರೆ ಮಾಡಿ ಒಂದೇ ಕಣ್ಣಲ್ಲಿ ನೋಡೋದು, ಕುಕ್ಕೋದು. ಹತ್ತು ನಿಮಿಷಕ್ಕೆ ಎಲ್ಲಾ ಇಳಿದುಬಂದ್ವು, ಮಧ್ಯಾಹ್ನದೊಳಗೆ ಗುಡ್ಡೆ ಇಲ್ಲ, ಬೇಲಿ ಪೂರ್ತಿ ಅರ್ಧ ಅಡಿ ದರಗಿನ ಹಾಸಿಗೆ. ಮೇರಿಯನ್ ಡಾಕಿನ್ಸ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ 1989ರಲ್ಲಿ ಬರೆದಿದ್ದು ಆಗ ನೆನಪಾಯ್ತು. ಮೃಗಾಲಯದಲ್ಲಿದ್ದ ಕೆಂಪು ಕಾಡುಕೋಳಿಗಳನ್ನ, ಅಂದ್ರೆ ನಮ್ಮ ಕೋಳಿಗಳ ಮೂಲ ವಂಶಾನ, ನಿಮಿಷ ನಿಮಿಷ ಲೆಕ್ಕ ಇಟ್ಟು ನೋಡಿದ್ದಾರೆ. ಕಾಳು ತಪ್ಪದೆ ಸಿಗ್ತಿದ್ರೂ ಹೇಟೆಗಳು ಎಚ್ಚರ ಇರೋ ಹೊತ್ತಲ್ಲಿ ಶೇ. 60ರಷ್ಟು ನಿಮಿಷಗಳಲ್ಲಿ ನೆಲ ಕುಕ್ತಾ, ಶೇ. 34ರಷ್ಟರಲ್ಲಿ ಕೆದಕ್ತಾ ಇರ್ತಿದ್ವಂತೆ. ನಾನು ಹೊತ್ತೊತ್ತಿಗೆ ಬಟ್ಟಲಿಗೆ ಕಾಳು ಸುರಿದು ಎಷ್ಟು ಚೆನ್ನಾಗಿ ನೋಡ್ಕೊಳ್ತಿದೀನಿ ಅಂದ್ಕೊಂಡಿದ್ದೆ, ಅವಕ್ಕೆ ಐದು ನಿಮಿಷ ಊಟ, ಉಳಿದ ಹೊತ್ತೆಲ್ಲ ಏನೂ ಕೆಲಸ ಇಲ್ಲ, ಪುಕ್ಕ ಕೀಳದೆ ಇನ್ನೇನು ಮಾಡ್ತಾವೆ. ಈಗ ಬೆಳಗಿನ ರಾಗಿ ಬಟ್ಟಲಿಗೆ ಹಾಕಲ್ಲ, ಎರಡು ಬೊಗಸೆ ದರಗಿನ ಮೇಲೆ ಎರಚೋದು.

ಗಿಡದ ಕಥೆ ಮಾತ್ರ ಇಷ್ಟು ಸಲೀಸಾಗಲಿಲ್ಲ. ಬಸಳೆ ನೆಟ್ಟೆ, ಸಂಜೆಗೆ ಕಡ್ಡಿ ಕೂಡ ಇಲ್ಲ. ಹರಿವೆ ಅಂತೂ ಕೇಳ್ಲೇಬೇಡಿ. ಲಾವಂಚ ಉಳೀತು, ಆ ಎಲೆ ಗರಗಸದ ಹಂಗೆ, ಬೇರು ಆಳಕ್ಕೆ ಇಳಿದು ಇಳಿಜಾರಿನ ಮಣ್ಣನ್ನೂ ಹಿಡ್ಕೊಂಡಿದೆ. ಮಜ್ಜಿಗೆ ಹುಲ್ಲನ್ನ ಒಂದು ಸಲ ರುಚಿ ನೋಡಿ ಬಿಟ್ವು. ದಾಸವಾಳಕ್ಕೆ ಬುಡದ ಸುತ್ತ ತಲೆ ಗಾತ್ರದ ಕಲ್ಲು ಒತ್ತೊತ್ತಾಗಿ ಇಟ್ಟಿದ್ದಕ್ಕೆ ಬದುಕ್ತು, ಕೈಗೆಟಕೋ ಎಲೆ ಎಲ್ಲ ತಿಂದ್ಕೊಂಡು ಈಗ ಜಿಟಿಜಿಟಿ ಮಳೇಲಿ ಅದರಡಿಗೇ ನಿಲ್ತಾವೆ. ಹಸಿರು ಬೇಕಲ್ಲ ಅಂತ ಒಂದು ಹಳೇ ಕಿಟಕಿ ಚೌಕಟ್ಟಿಗೆ ಮೆಶ್ ಹೊಡೆದು, ಮೊಳಕೆ ರಾಗಿ ಮೇಲೆ ಬೋರಲು ಹಾಕಿದೀನಿ, ತೂತಿಂದ ಮೇಲೆ ಬಂದಷ್ಟನ್ನ ತಿನ್ನಬಹುದು, ಬೇರು ಕೆದಕೋಕೆ ಆಗಲ್ಲ. ಒಂದು ಮೂಲೇಲಿ ಶೀಟಿನಡಿ ಬಚ್ಚಲ ಒಲೆ ಬೂದಿ ಹಾಕಿಟ್ಟಿದೀನಿ, ಅದರಲ್ಲಿ ಹೊರಳಾಡೋಕೆ ಅವುಗಳದ್ದೇ ಸರದಿ, ಜಗಳ, ಎಲ್ಲಾ ಇದೆ.

ಅಜ್ಜಿ ಇನ್ನೊಂದು ಹೇಳ್ಕೊಟ್ಟಿದ್ದಾರೆ. ಒಡಕು ಮಡಕೆಗೆ ಒಣ ಸಗಣಿ, ಒಂದು ಹಿಡಿ ಹುಲ್ಲು ತುಂಬಿ ನೀರು ಚಿಮುಕಿಸಿ ಮಳೆ ತಾಗದ ಕಡೆ ಬೋರಲು ಹಾಕಿದ್ರೆ ಬೆಳಗ್ಗೆಗೆ ಒಳಗೆಲ್ಲ ಗೆದ್ದಲು. ಅದನ್ನ ಬೇಲಿಯೊಳಗೆ ಕೊಡವಿದಾಗ ಹುಂಜ ಕೊಕ್ ಕೊಕ್ ಅಂತ ಹೇಟೆಗಳನ್ನ ಕರೆಯೋದು ಕೇಳ್ಬೇಕು, ತಾನೇ ಹಿಡಿದು ತಂದ ಹಂಗೆ.

ಮೊನ್ನೆ ತಳದ ಹಳೇ ದರಗು ಕಪ್ಪಾಗಿ ಪುಡಿಯಾಗಿತ್ತು, ಅಜ್ಜಿ ಎರಡು ಬುಟ್ಟಿ ಕೇಳಿದ್ರು, ಬೆಂಡೆ ಸಾಲಿಗೆ. ಬಿಸಿ ಗೊಬ್ಬರ, ಹಸೀದು ಹಾಕಿದ್ರೆ ಗಿಡ ಸುಡುತ್ತೆ ಅಂತ ಎರಡು ತಿಂಗಳು ಕೊಳೆಯೋಕೆ ಅವರ ಹಿತ್ತಲ ಮೂಲೇಲಿ ರಾಶಿ ಹಾಕಿದ್ರು. ಇವತ್ತು ಬೆಳಗ್ಗೆ ಕಾಳು ಎರಚುವಾಗ ಎಣಿಸಿದ್ರೆ ಹೇಟೆ ಹತ್ತೇ. ಬೇಲಿ ಹಾರಿ ಆ ರಾಶಿ ಮೇಲೆ ನಿಂತು ಕೆದಕ್ತಾ ಇತ್ತು ಬೋಳು ಬಾಲದ್ದು, ಬಾಲದ ಜಾಗದಲ್ಲಿ ಹೊಸ ಪುಕ್ಕ ಎರಡು ಇಂಚು ಬಂದಿದೆ.