ಮೂರು ಮೀಟರ್ ಹತ್ತಿರ, ಅದೂ ಚಳಿಗಾಲದಲ್ಲಿ

ಚಳಿಗಾಲ ಬಂತೆಂದರೆ ಫೇಸ್‌ಬುಕ್ಕಿನಲ್ಲಿ ಸ್ಟೋಟ್ ಎಂಬ, ಮುಂಗುಸಿಯಂತೆ ಉದ್ದ ಮೈಯ ಪುಟ್ಟ ಬೇಟೆಗಾರ ಪ್ರಾಣಿಯ ಚಿತ್ರಗಳು ಒಂದರ ಹಿಂದೊಂದು ಕಾಣಿಸಿಕೊಳ್ಳುತ್ತವೆ. ಹಿಮದ ಮೇಲೆ ಬಿಳಿಯ ಮೈ, ಮಣಿಯಂತಹ ಕಪ್ಪು ಕಣ್ಣು, ಮಸಿಯಲ್ಲಿ ಅದ್ದಿ ತೆಗೆದಂತಹ ಬಾಲದ ತುದಿ. ಮೀಸೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದಾದಷ್ಟು ಸ್ಪಷ್ಟ. ನಾನೂ ಇಂತಹ ಚಿತ್ರಗಳ ಹಿಂದೆ ಅಲೆಯುವವನಾದ್ದರಿಂದ ಮುಂದಿನ ಮಾತುಗಳಲ್ಲಿ ಹೊಟ್ಟೆಕಿಚ್ಚಿನ ಪಾಲೂ ಸ್ವಲ್ಪ ಇದ್ದೀತು. ಆದರೂ ಅಂತಹ ಪ್ರತಿಯೊಂದು ಚಿತ್ರವನ್ನು ನೋಡಿದಾಗಲೂ ಕೇಳಬೇಕೆನಿಸುತ್ತದೆ: ಅಷ್ಟು ಹತ್ತಿರಕ್ಕೆ ಬಂದವರು ಯಾರು, ಛಾಯಾಗ್ರಾಹಕನೋ ಅಥವಾ ಪ್ರಾಣಿಯೋ?

ಸ್ಟೋಟ್ ಮತ್ತು ಅದಕ್ಕಿಂತ ಚಿಕ್ಕದಾದ ವೀಸಲ್‌ನ ದೇಹ ಇಲಿಯ ಬಿಲದೊಳಗೆ ನುಗ್ಗುವುದಕ್ಕೆ ಹೇಳಿ ಮಾಡಿಸಿದಂತಿದೆ. ಬೇಟೆಯಲ್ಲಿ ನೆರವಾಗುವ ಈ ಉದ್ದನೆಯ ತೆಳು ಮೈಯೇ ಚಳಿಯಲ್ಲಿ ಅವಕ್ಕೆ ಹೊರೆಯಾಗುತ್ತದೆ, ಏಕೆಂದರೆ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ತುಪ್ಪಳ ಗಿಡ್ಡ, ಶೇಖರಿಸಿಟ್ಟ ಕೊಬ್ಬು ಅತ್ಯಲ್ಪ. ಅಷ್ಟೇ ತೂಕದ ಸಾಧಾರಣ ಆಕಾರದ ಸಸ್ತನಿಗಳಿಗಿಂತ ವೀಸಲ್‌ಗಳು ಚಳಿಯಲ್ಲಿ ಶೇಕಡಾ 50ರಿಂದ 100ರಷ್ಟು ಹೆಚ್ಚು ಶಕ್ತಿಯನ್ನು ವ್ಯಯಿಸುತ್ತವೆ ಎಂದು ಜೀವವಿಜ್ಞಾನಿಗಳಾದ ಬ್ರೌನ್ ಮತ್ತು ಲಾಸಿಯೆವ್‌ಸ್ಕಿ 1972ರಲ್ಲೇ ಲೆಕ್ಕ ಹಾಕಿದ್ದರು. ಹೀಗಾಗಿ ಹಗಲು ರಾತ್ರಿಯೆನ್ನದೆ ಬೇಟೆಯಾಡುವುದು, ನಡುನಡುವೆ ಬೆಚ್ಚನೆಯ ಗೂಡು ಸೇರುವುದು, ಇದೇ ಅವುಗಳ ದಿನಚರಿ. ಆ ಗೂಡೂ ಹಲವೊಮ್ಮೆ ತಾನೇ ಕೊಂದ ವೋಲ್ ಎಂಬ ಮೋಟು ಬಾಲದ ಇಲಿಯದು. ಒಳಗಿನ ಹಾಸಿಗೆಗೆ ಆ ಇಲಿಯದೇ ತುಪ್ಪಳ.

ಈ ಸಂಸಾರವೆಲ್ಲ ನಡೆಯುವುದು ಹೆಚ್ಚಾಗಿ ಹಿಮದ ಅಡಿಯಲ್ಲಿ. ಹಿಮ ಸಾಕಷ್ಟು ದಪ್ಪವಾಗಿ ಬಿದ್ದಾಗ ನೆಲಕ್ಕೂ ಅದಕ್ಕೂ ನಡುವೆ ಸಣ್ಣ ಪೊಳ್ಳು ಉಳಿಯುತ್ತದೆ. ಮೇಲೆ ಎಷ್ಟೇ ಕೊರೆಯುತ್ತಿದ್ದರೂ ಅಲ್ಲಿನ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಒಳ್ಳೆಯ ಕೋನ ಹುಡುಕುತ್ತ ಸ್ಟೋಟ್ ಅಡಗಿರುವ ಕಲ್ಲುರಾಶಿಯ ಸುತ್ತ ನಾಲ್ಕು ಸುತ್ತು ಹಾಕುವ ಛಾಯಾಗ್ರಾಹಕನ ಬೂಟುಗಳು ಆ ಪೊಳ್ಳನ್ನು ಒತ್ತಿ ಗಟ್ಟಿ ಮಾಡಿಬಿಡುತ್ತವೆ. ಪ್ರಾಣಿಯನ್ನು ಮುಟ್ಟಲಿಲ್ಲ, ಬೆದರಿಸಲಿಲ್ಲ ಎಂಬ ಸಮಾಧಾನದಲ್ಲಿ ನಾವು ಮನೆಗೆ ಮರಳುತ್ತೇವೆ.

ಇನ್ನು ಇಲಿಯ ಕೀಚಲು ದನಿಯನ್ನು ಅನುಕರಿಸಿ ಕರೆಯುವ ವಿಚಾರ. ಅಂಗೈಯ ಹಿಂಬದಿಗೆ ತುಟಿಯೊತ್ತಿ ಗಾಳಿ ಎಳೆದರೆ ಸ್ಟೋಟ್ ಓಡಿಬರುವುದುಂಟು. ಒಂದೆರಡು ಸಲ ಕರೆದರೆ ಏನು ಮಹಾ ನಷ್ಟ ಎನ್ನುವವರಿದ್ದಾರೆ. ಆದರೆ ಹೆಸರಾದ ಒಂದು ಕಲ್ಲುರಾಶಿಗೆ ಒಬ್ಬರೇ ಹೋಗುವುದಿಲ್ಲ. ಒಬ್ಬರ ಹಿಂದೆ ಒಬ್ಬರಂತೆ ಹತ್ತು ಜನ ಕರೆದರೆ ಹತ್ತು ಸಲವೂ ಅದು ಬೆಚ್ಚನೆಯ ಗೂಡು ಬಿಟ್ಟು ಬರಿಗೈಯಲ್ಲಿ ಹಿಂತಿರುಗಬೇಕು. ಮಾಂಸದ ತುಂಡನ್ನಿಟ್ಟು ಕರೆಯುವವರ ವಿರುದ್ಧ ಈ ವಾದ ನಿಲ್ಲುವುದಿಲ್ಲ ಎಂಬುದನ್ನು ಒಪ್ಪುತ್ತೇನೆ, ಏಕೆಂದರೆ ಅಲ್ಲಿ ಪ್ರಾಣಿಗೆ ಹೊಟ್ಟೆ ತುಂಬುತ್ತದೆ. ಅಲ್ಲಿ ನನ್ನ ತಕರಾರು ಬೇರೆ: ಬೆಳಕು ಚೆನ್ನಾಗಿದೆ ಎಂದು ನಾವು ಆರಿಸುವ ಬಯಲು ಜಾಗಕ್ಕೆ ಅದು ದಿನವೂ ಬರುವಂತಾಗುತ್ತದೆ, ಮತ್ತು ಬಯಲಿನ ಮೇಲೆ ಗಿಡುಗಗಳ ಕಣ್ಣಿರುತ್ತದೆ. ಬಾಲದ ತುದಿಯ ಕಪ್ಪು ಇರುವುದೇ ಗಿಡುಗನ ಗುರಿಯನ್ನು ಮೈಯಿಂದ ಬಾಲದತ್ತ ತಪ್ಪಿಸುವುದಕ್ಕೆ ಎಂಬುದನ್ನು ಪ್ರಾಣಿವಿಜ್ಞಾನಿ ರೋಜರ್ ಪೊವೆಲ್ ಕೃತಕ ವೀಸಲ್‌ಗಳ ಮೇಲೆ ಗಿಡುಗಗಳನ್ನು ಬಿಟ್ಟು ಪರೀಕ್ಷಿಸಿದ್ದರು. ಆ ಪ್ರಬಂಧ ಪ್ರಕಟವಾದದ್ದು 1982ರಲ್ಲಿ. ನಾವು ಮೆಚ್ಚಿಕೊಳ್ಳುವ ಆ ಕಪ್ಪು ಚುಕ್ಕೆ ಅದರ ಪಾಲಿಗೆ ಜೀವರಕ್ಷೆ.

ಹಾಗಾದರೆ ಉಳಿಯುವುದು ಕಾಯುವುದೊಂದೇ, ಮತ್ತು ಚಳಿಯಲ್ಲಿ ಕಾಯುವುದು ಸುಲಭವಲ್ಲ. ಬ್ಯಾಟರಿಗಳು ಅರ್ಧ ದಿನಕ್ಕೇ ಸೋಲುವುದರಿಂದ ಒಂದನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಹಿಮವನ್ನು ಬೂದುಬಣ್ಣವೆಂದು ಭಾವಿಸುವುದರಿಂದ ಒಂದು, ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಹೆಚ್ಚು ಬೆಳಕು ಕೊಡಬೇಕು. ಕೊಟ್ಟದ್ದು ಹೆಚ್ಚಾದರೆ ಬಿಳಿ ಪ್ರಾಣಿಯ ತುಪ್ಪಳದ ವಿವರವೆಲ್ಲ ಅಳಿಸಿಹೋಗುತ್ತದೆ. ಬೆಚ್ಚನೆಯ ಕಾರಿನ ಕಿಟಕಿಯಿಂದ ತೆಗೆದರೆ ಹೊರಹೋಗುವ ಬಿಸಿಗಾಳಿಯಿಂದಾಗಿ ಚಿತ್ರ ಕದಡುತ್ತದೆ. ತಪ್ಪು ಮಸೂರದ್ದೆಂದು ನಾನು ಬಹಳ ಕಾಲ ಬೈದುಕೊಂಡಿದ್ದೆ.

ಆದರೆ ಕಾಯುವವನಿಗೆ ಸ್ಟೋಟ್‌ನ ಕುತೂಹಲವೇ ನೆರವಾಗುತ್ತದೆ. ಕಲ್ಲಿನ ಸಂದಿಯಲ್ಲಿ ಮಾಯವಾದದ್ದು ಕ್ಷಣದಲ್ಲೇ ಇನ್ನೊಂದು ಸಂದಿಯಿಂದ ತಲೆ ಎತ್ತಿ ನಮ್ಮನ್ನೇ ನೋಡುತ್ತದೆ. ಒಮ್ಮೆ ಎರಡು ಗಂಟೆ ಹೊಟ್ಟೆಯ ಮೇಲೆ ಮಲಗಿದ್ದ ನನ್ನ ಬಳಿಗೆ ಅದು ತಾನಾಗಿ ಬಂತು. ಎಷ್ಟು ಹತ್ತಿರ ಬಂತೆಂದರೆ ನನ್ನ ಟೆಲಿಫೋಟೋ ಮಸೂರಕ್ಕೆ ಫೋಕಸ್ ಮಾಡಲಾಗಲಿಲ್ಲ. ಮೊಣಕೈಯ ಹತ್ತಿರ ಒಂದು ಗಳಿಗೆ ನಿಂತು ಹೊರಟುಹೋಯಿತು.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದ ತೋಳದ ಚಿತ್ರದಿಂದ, ಅದು ಪಳಗಿಸಿದ ತೋಳವಿರಬೇಕೆಂಬ ಕಾರಣಕ್ಕೆ, 2010ರಲ್ಲಿ ಪ್ರಶಸ್ತಿಯನ್ನು ಹಿಂಪಡೆಯಲಾಯಿತು. ಛಾಯಾಗ್ರಾಹಕ ಆ ಆರೋಪವನ್ನು ಒಪ್ಪಲಿಲ್ಲ. ನಮ್ಮ ಪೋಸ್ಟುಗಳಿಗೆ ತೀರ್ಪುಗಾರರಿಲ್ಲ. ಆದ್ದರಿಂದ ಮಸೂರ, ಶಟರ್ ವೇಗಗಳ ಜೊತೆಗೆ ಕರೆದದ್ದೋ, ಆಹಾರ ಇಟ್ಟದ್ದೋ, ಕಾದದ್ದೋ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯೋಣ ಎಂಬುದಷ್ಟೇ ನನ್ನ ಕೋರಿಕೆ. ಹಿಂದೊಮ್ಮೆ ನಾನು ಹಾಕಿದ್ದ, ಹಿಂಗಾಲುಗಳ ಮೇಲೆ ನೆಟ್ಟಗೆ ನಿಂತು ನೇರವಾಗಿ ನೋಡುತ್ತಿರುವ ಬಿಳಿ ಸ್ಟೋಟ್‌ನ ಚಿತ್ರವನ್ನು ನಿಮ್ಮಲ್ಲಿ ಅನೇಕರು ಮೆಚ್ಚಿದ್ದಿರಿ. ಅದು ಇಲಿಯ ದನಿ ಮಾಡಿ ಕರೆದು ತೆಗೆದದ್ದು. ಆ ಚಿತ್ರದ ಕೆಳಗೆ ಇಂದು ಬೆಳಿಗ್ಗೆ ಈ ಮಾತನ್ನು ಸೇರಿಸಿದ್ದೇನೆ.