ನದಿ ಬಿಚಿರ್‌ಗೆ ಅಷ್ಟೊಂದು ದುಡ್ಡು ಯಾಕೆ?

ಬಿಚಿರ್ ಮೀನು ಸಾಕುವವರಲ್ಲಿ ಒಂದು ಗತ್ತಿದೆ. "ಇದು ಫಾರ್ಮ್ ಮೀನಲ್ಲ ಗುರು, ವೈಲ್ಡ್ ಕಾಟ್, ನದಿಯಿಂದಲೇ ಹಿಡಿದದ್ದು" ಅಂದರೆ ಸಾಕು, ಲೈಕೂ ಜಾಸ್ತಿ, ಬೆಲೆಯೂ ಜಾಸ್ತಿ. ನನ್ನ ತಕರಾರು ಈ ಗತ್ತಿನ ಮೇಲೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಬಿಚಿರ್ ಆಫ್ರಿಕಾದ ಸಿಹಿನೀರಿನ ಮೀನು. ನೈಲ್, ನೈಜರ್, ಕಾಂಗೋ ನದಿಗಳಲ್ಲಿ, ಸುತ್ತಲಿನ ಜೌಗಿನಲ್ಲಿ ಇರುತ್ತದೆ. ಉದ್ದ ಮೈ, ಗಟ್ಟಿ ಹುರುಪೆ, ಬೆನ್ನ ಮೇಲೆ ಸಾಲಾಗಿ ಪುಟ್ಟ ಪುಟ್ಟ ರೆಕ್ಕೆ. ಕಿವಿರಿನ ಜೊತೆಗೆ ಒಂದು ಜೋಡಿ ಶ್ವಾಸಕೋಶವೂ ಇದೆ. 2014ರಲ್ಲಿ ಕೆನಡಾದ ವಿಜ್ಞಾನಿಗಳು ಸೆನೆಗಲ್ ಬಿಚಿರ್ ಮರಿಗಳನ್ನು ಸುಮಾರು 8 ತಿಂಗಳು ನೆಲದ ಮೇಲೇ ಬೆಳೆಸಿದರು. ನೀರಲ್ಲಿ ಬೆಳೆದವಕ್ಕಿಂತ ಅವು ಚೆನ್ನಾಗಿ ನಡೆದವು! ಇಂಥ ಮೀನಿನ ಹುಚ್ಚು ಹಿಡಿದರೆ ಯಾರನ್ನೂ ಬೈಯುವ ಹಾಗಿಲ್ಲ.

ಆದರೆ ಸೆನೆಗಲ್ ಬಿಚಿರ್ ಈಗ ಫಾರ್ಮ್‌ಗಳಲ್ಲಿ ರಾಶಿ ರಾಶಿ ಹುಟ್ಟುತ್ತದೆ. ಡೆಲ್‌ಹೆಜಿ, ಎಂಡ್ಲಿಚೆರಿ ಅನ್ನುವ ಬೇರೆ ಬಿಚಿರ್ ಜಾತಿಗಳು ಕೂಡ ಆಗ್ನೇಯ ಏಷ್ಯಾದ ಫಾರ್ಮ್‌ಗಳಿಂದ ಬರುತ್ತವೆ. ಹಾಗಿದ್ದೂ ನದಿಯದೇ ಬೇಕು ಅನ್ನುವವರ ವಾದ ಏನು ಗೊತ್ತಾ? ಫಾರ್ಮ್ ಮೀನಿನ ಮೂತಿ ಮೊಂಡು, ರೆಕ್ಕೆ ಸೊಟ್ಟ, ಪಟ್ಟೆ ಮಸುಕು. ಅಂಥವು ಸಿಗುತ್ತವೆ, ನಿಜ. ಒಂದೇ ತೊಟ್ಟಿಗೆ ಸಿಕ್ಕಾಪಟ್ಟೆ ಮರಿ ತುರುಕಿ ಬೆಳೆಸಿದರೆ ಇನ್ನೇನಾಗುತ್ತದೆ? ನೆಟ್ಟಗಿರುವ ಮರಿ ಆರಿಸಿ ತನ್ನಿ. ದೊಡ್ಡ ಟ್ಯಾಂಕಲ್ಲಿ ಎರೆಹುಳು, ಸೀಗಡಿ ಹಾಕಿ ಬೆಳೆಸಿ. ನೋಡಿದವರೇ "ವೈಲ್ಡಾ?" ಅಂತ ಕೇಳುತ್ತಾರೆ. ಅಂಗಡಿಯವನು ವೈಲ್ಡ್ ಅಂದಿದ್ದಕ್ಕಾದರೂ ಪುರಾವೆ ಏನಿದೆ? ಬರೀ ಬಾಯಿಮಾತು.

ನಿಜವಾಗಿ ನದಿಯಿಂದ ಬಂದದ್ದೇ ಆದರೆ ಅದರ ಪಾಡು ನೋಡಿ. ಹೊಟ್ಟೆ ಒಳಗೆ ಹೋಗಿರುತ್ತದೆ. ಅಂಗಡಿಯ ಒಣ ಪೆಲೆಟ್ ಆಹಾರ ಮೂಸಿಯೂ ನೋಡುವುದಿಲ್ಲ. ಸುಮ್ನೆ ಮಲಗಿದ್ದದ್ದು ಇದ್ದಕ್ಕಿದ್ದಂತೆ ಮರಳಿಗೆ ಮೈ ಉಜ್ಜಿ ಚಿಮ್ಮುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಎಷ್ಟೋ ಸಲ ಹುರುಪೆ ಮೇಲೆ ಸಣ್ಣ ಬಿಳಿ ಹುಳು ಅಲುಗಾಡುತ್ತಿರುತ್ತವೆ. ಮ್ಯಾಕ್ರೋಗೈರೊಡ್ಯಾಕ್ಟೈಲಸ್ ಅಂತ ಉದ್ದ ಹೆಸರಿನ ಪರಾವಲಂಬಿ. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಹೊಟ್ಟೆಯಲ್ಲಿರುವ ಮರಿಯೊಳಗೇ ಇನ್ನೊಂದು ಮರಿ ಬೆಳೆಯುತ್ತಿರುತ್ತದೆ! ಹರಿಯುವ ನದಿಯಲ್ಲಿ ಹೇಗೋ ನಡೆದುಹೋಗುತ್ತದೆ. ನಾಲ್ಕಡಿ ಗಾಜಿನೊಳಗೆ ಹುಳಕ್ಕೆ ಹಬ್ಬ, ಮೀನಿಗೆ ಸಾವು. ಕ್ವಾರಂಟೈನ್ ಮಾಡದೆ ತಂದ ದಿನವೇ ಬೇರೆ ಬಿಚಿರ್‌ಗಳ ಜೊತೆ ಬಿಟ್ಟರೆ ಅವಕ್ಕೂ ಅಂಟುತ್ತದೆ.

ಮೀನು ಹಿಡಿಯುವುದನ್ನೇ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಬ್ರೆಜಿಲ್‌ನ ಬಾರ್ಸೆಲೋಸ್‌ನಲ್ಲಿ ಕಾರ್ಡಿನಲ್ ಟೆಟ್ರಾ ಅನ್ನುವ ಪುಟ್ಟ ಅಕ್ವೇರಿಯಂ ಮೀನು ಹಿಡಿದು ಬದುಕುವ ಕುಟುಂಬಗಳಿವೆ. ಮೀನಿನ ದುಡ್ಡು ಬರುತ್ತಿದ್ದರೆ ಕಾಡು ಉಳಿಸಿಕೊಳ್ಳಲು ಅವರಿಗೂ ಕಾರಣ ಇರುತ್ತದೆ ಅಂತ ಅಲ್ಲಿನ ಮೀನುಗಾರರ ಜೊತೆ ಕೆಲಸ ಮಾಡುವ ಪ್ರಾಜೆಕ್ಟ್ ಪಿಯಾಬಾ ಸಂಸ್ಥೆಯವರು ವರ್ಷಗಳಿಂದ ಹೇಳುತ್ತಿದ್ದಾರೆ. ಒಪ್ಪುತ್ತೇನೆ. ಆದರೆ ಆ ಟೆಟ್ರಾ ನದಿಯಲ್ಲಿ ಬಹುಪಾಲು ಒಂದು ವರ್ಷದ ಜೀವ, ಹಿಡಿಯದಿದ್ದರೂ ಬೇಗ ಸಾಯುತ್ತದೆ. ಬಿಚಿರ್ 10 ವರ್ಷ ದಾಟಿ ಬದುಕುವ ಮೀನು. ಎರಡಕ್ಕೂ ಒಂದೇ ಲೆಕ್ಕ ಹಾಕಿದರೆ ಹೇಗೆ? ಆಫ್ರಿಕಾದ ಜನ ಬಿಚಿರ್ ತಿನ್ನುತ್ತಾರಲ್ಲ ಅನ್ನುವವರಿಗೂ ಒಂದು ಮಾತು. ಅವರದು ಊಟ, ನಮ್ಮದು ಶೋಕಿ.

ಮರಿ ಮಾಡಿಸುವವರು ಹೊಸ ರಕ್ತ ಬೇಕು ಅಂತ ಒಂದು ಜೋಡಿ ನದಿ ಮೀನು ತಂದರೆ ನನ್ನ ಆಕ್ಷೇಪ ಇಲ್ಲ. ಒಂದು ಕಾಲದಲ್ಲಿ ಈ ಮೀನಿನ ಭ್ರೂಣ ಸಿಗಬೇಕು ಅಂತ ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ಜಾನ್ ಬಡ್ಜೆಟ್ ಮತ್ತೆ ಮತ್ತೆ ಆಫ್ರಿಕಾಗೆ ಹೋದ. ಕೊನೆಗೆ ಸಿಕ್ಕಿತು, ಆದರೆ ಜ್ವರ ಹತ್ತಿ 1904ರಲ್ಲಿ ತೀರಿಕೊಂಡ. ಇವತ್ತು ಸೆನೆಗಲ್ ಬಿಚಿರ್ ಮನೆ ಟ್ಯಾಂಕಲ್ಲೇ ಮೊಟ್ಟೆ ಇಡುತ್ತದೆ. ಕತ್ತಿನ ಎರಡೂ ಕಡೆ ಹಕ್ಕಿಯ ಗರಿಯಂಥ ಕಿವಿರು ಹೊತ್ತ ಮರಿಗಳನ್ನು ಕೂತಲ್ಲೇ ನೋಡಬಹುದು. ನಮ್ಮಲ್ಲಿ ಯಾರಾದರೂ ಹೀಗೆ ಮರಿ ಮಾಡಿಸಿದ್ದರೆ ತಿಳಿಸಿ. ವೈಲ್ಡ್‌ಗೆ ಕೊಡುವ ರೇಟು ನಿಮಗೇ ಕೊಡುತ್ತೇನೆ.